ಕಾಲೇಜು ಲ್ಯಾಬಿಗೆ ಸೂಪರ್‌ಕಂಡಕ್ಟರ್ ಕಿಟ್: ನಾಲ್ಕು ತಂತಿಯದ್ದನ್ನೇ ತಗೊಳ್ಳಿ

ಲ್ಯಾಬಿಗೆ ಸೂಪರ್‌ಕಂಡಕ್ಟರ್ ಕಿಟ್ ತರಿಸಬೇಕಾ ಬೇಡವಾ, ತರಿಸಿದರೆ ಯಾವುದು ಅಂತ ಡಿಗ್ರಿ ಕಾಲೇಜಿನ ಫಿಸಿಕ್ಸ್ ಮೇಷ್ಟ್ರುಗಳು ಆಗಾಗ ಕೇಳುತ್ತಿರುತ್ತಾರೆ. ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಣ್ಣಗೆ ಮಾಡಿದಾಗ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ಅಡ್ಡಿ, ಸೊನ್ನೆಯಾಗಿಬಿಡುವ ವಸ್ತು. ಈ ಕಿಟ್ಟನ್ನು ನಮ್ಮ ಕಾಲೇಜಿಗೆ ತರಿಸಿ ಬಿಎಸ್‌ಸಿ ಮಕ್ಕಳ ಜೊತೆ ಚೆನ್ನಾಗಿ ಬಳಸಿದ್ದೇವೆ, ಹಾಗಾಗಿ ಬರೆಯುತ್ತಿದ್ದೇನೆ. ತರಿಸಿ, ಖಂಡಿತ ತರಿಸಿ. ಆದರೆ ಬರೀ ಮ್ಯಾಗ್ನೆಟ್ ತೇಲಿಸುವ ಕಿಟ್ ಬೇಡ. ಸೂಪರ್‌ಕಂಡಕ್ಟರ್ ಬಿಲ್ಲೆಗೆ ರೆಸಿಸ್ಟೆನ್ಸ್ ಅಳೆಯೋಕೆ ನಾಲ್ಕು ತಂತಿ, ಉಷ್ಣತೆ ಅಳೆಯೋಕೆ ಒಂದು ಥರ್ಮೋಕಪಲ್ ಬೆಸೆದು ಕೊಡುವ ಇನ್ನೊಂದು ಥರದ ಕಿಟ್ ಬರುತ್ತದೆ. ಬೆಲೆ ಎರಡರಷ್ಟಕ್ಕೂ ಜಾಸ್ತಿ ಇರಬಹುದು. ಆದರೂ ಅದೇ ಸರಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇಂಥ ಕಿಟ್ ಮಾರುವವರು ಹಲವರಿದ್ದಾರೆ, ಒಳಗಿರುವ ಸಾಮಾನು ಹೆಚ್ಚು ಕಡಿಮೆ ಒಂದೇ.

ಡಬ್ಬಿ ತೆಗೆದರೆ ಮೊದಲು ಕಾಣುವುದು ಒಂದು ಕಪ್ಪು ಬಿಲ್ಲೆ. ನೋಡೋಕೆ ಏನೂ ಇಲ್ಲ, ಹಳೇ ಹತ್ತು ರೂಪಾಯಿ ನಾಣ್ಯದಷ್ಟು ಅಗಲ, ಅದಕ್ಕಿಂತ ದಪ್ಪ, ಮೈ ಸ್ವಲ್ಪ ಒರಟು. ಇದೇ ವೈಬಿಸಿಒ, ಅಂದರೆ ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ಒಂದು ಸೆರಾಮಿಕ್. ಜೊತೆಗೆ ಪುಟ್ಟ ನಿಯೋಡಿಮಿಯಂ ಮ್ಯಾಗ್ನೆಟ್, ಪ್ಲಾಸ್ಟಿಕ್ ಚಿಮ್ಮಟ, ತಟ್ಟೆ, ಒಂದು ಕೈಪಿಡಿ. ನಾಲ್ಕು ತಂತಿಯ ಕಿಟ್‌ನಲ್ಲಿ ಇನ್ನೊಂದು ಬಿಲ್ಲೆ ಹಿತ್ತಾಳೆಯ ಗೂಡಿನೊಳಗೆ ಕೂತಿರುತ್ತದೆ, ಹಿಂದಿನಿಂದ ತಂತಿಗಳು ಹೊರಗೆ ಬಂದಿರುತ್ತವೆ. ಮಲ್ಟಿಮೀಟರ್, ಕರೆಂಟ್ ಕೊಡುವ ಸಪ್ಲೈ ನಮ್ಮದೇ. ಯಾವ ಲ್ಯಾಬಿನಲ್ಲೂ ಇರುತ್ತದೆ ಬಿಡಿ.

ಲಿಕ್ವಿಡ್ ನೈಟ್ರೋಜನ್ ಮಾತ್ರ ಡಬ್ಬಿಯಲ್ಲಿ ಬರುವುದಿಲ್ಲ. ಸಣ್ಣ ಊರಿನ ಕಾಲೇಜುಗಳು ಕಿಟ್ ಬೇಡ ಅಂತ ಕೈಬಿಡುವುದು ಇದೇ ಕಾರಣಕ್ಕೆ. ಆದರೆ ಅದು ನಮ್ಮ ಹಳ್ಳಿಗಳಲ್ಲೇ ಓಡಾಡುತ್ತಿದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವ ಪಶು ಆಸ್ಪತ್ರೆಗಳಲ್ಲಿ, ಹಾಲು ಒಕ್ಕೂಟಗಳಲ್ಲಿ ವೀರ್ಯದ ಕಡ್ಡಿಗಳನ್ನು ಇಡುವುದೇ ಲಿಕ್ವಿಡ್ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ. ಅವರ ಕ್ಯಾನಿನಿಂದ ಕೊಡಿ ಅಂತ ಕೇಳಬೇಡಿ, ಅವರ ಮಟ್ಟ ಇಳಿದರೆ ಕಡ್ಡಿಗಳೆಲ್ಲ ಹಾಳು. ಪೂರೈಕೆ ಮಾಡುವವರು ಯಾರು ಅಂತ ಕೇಳಿ, ಸಾಕು. ನಾವು ಹಾಗೇ ಮಾಡಿದ್ದು. ಕ್ಯಾನಿನ ಮುಚ್ಚಳ ಯಾವತ್ತೂ ಬಿಗಿಯಾಗಿ ಮುಚ್ಚಬಾರದು. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ ಆಗುತ್ತದೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಉಸಿರಾಡುವ ಆಮ್ಲಜನಕವನ್ನೇ ತಳ್ಳಿಬಿಡುತ್ತದೆ. ಕಿಟಕಿ, ಬಾಗಿಲು ತೆಗೆದಿರಲಿ. ಕಣ್ಣಿಗೆ ಗಾಗಲ್ಸ್, ಕೈಗೆ ಸಡಿಲವಾದ ಕ್ರಯೋ ಗ್ಲೌಸ್. ಇದರಲ್ಲಿ ರಾಜಿ ಬೇಡ.

ಈಗ ತೇಲಿಸುವ ವಿಷಯ. ತಟ್ಟೆಯಲ್ಲಿ ಬಿಲ್ಲೆ ಇಟ್ಟು ನೈಟ್ರೋಜನ್ ಸುರಿಯುತ್ತೀರಿ. ಮೊದಲು ಸುಮ್ನೆ ಕುದಿಯುತ್ತಿರುತ್ತದೆ, ಬಿಳಿ ಮಂಜು ಟೇಬಲ್ ಮೇಲೆ ಹರಿದು ಕೆಳಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಕುದಿತ ಒಮ್ಮೆಗೇ ಜೋರಾಗಿ, ಆಮೇಲೆ ತಟ್ಟನೆ ತಣ್ಣಗಾಗುತ್ತದೆ. ಬಿಲ್ಲೆ 77 ಕೆಲ್ವಿನ್‌ಗೆ, ಅಂದರೆ ಮೈನಸ್ 196 ಡಿಗ್ರಿಗೆ ಬಂತು ಅಂತ ಅರ್ಥ. ಚಿಮ್ಮಟದಿಂದ ಮ್ಯಾಗ್ನೆಟ್ ತಂದು ಬಿಟ್ಟರೆ ಅದು ಬಿಲ್ಲೆಗೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಮಕ್ಕಳಂತೂ ಫೋನ್ ತೆಗೆದು ವಿಡಿಯೋ ಮಾಡೋಕೆ ನಿಂತುಬಿಡುತ್ತಾರೆ.

ಇಲ್ಲಿ ಕೈಪಿಡಿ ಕೈಕೊಡುತ್ತದೆ. ನಮ್ಮ ಕಿಟ್ ಜೊತೆ ಬಂದ ಕೈಪಿಡಿಯಲ್ಲಿ ತೇಲುವುದಕ್ಕೆಲ್ಲ ಒಂದೇ ಉತ್ತರ, ಮೈಸ್ನರ್ ಪರಿಣಾಮ. ಅಷ್ಟೇ ಆದರೆ ಮ್ಯಾಗ್ನೆಟ್ಟನ್ನು ಬೆರಳಿನಿಂದ ಸ್ವಲ್ಪ ತಳ್ಳಿದಾಗ ಅದು ಪಕ್ಕಕ್ಕೆ ಜಾರಿ ಬೀಳಬೇಕಿತ್ತು. ಬೀಳುವುದಿಲ್ಲ, ಹಿಂದಿನ ಜಾಗಕ್ಕೇ ವಾಪಸ್ ಬರುತ್ತದೆ. ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ 1933ರಲ್ಲಿ ಕಂಡದ್ದು ಸೂಪರ್‌ಕಂಡಕ್ಟರ್ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರಗೆ ಹಾಕುತ್ತದೆ ಅನ್ನುವುದನ್ನು. ವೈಬಿಸಿಒ ಎರಡನೇ ಬಗೆಯ ಸೂಪರ್‌ಕಂಡಕ್ಟರ್, ಇದು ಪೂರ್ತಿ ಹೊರಗೆ ಹಾಕುವುದಿಲ್ಲ. ಕ್ಷೇತ್ರ ಸಣ್ಣ ಸಣ್ಣ ಎಳೆಗಳಾಗಿ ಒಳಗೆ ನುಗ್ಗಿ, ವಸ್ತುವಿನ ಕುಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮ್ಯಾಗ್ನೆಟ್ ಹಿಡಿದ ಜಾಗದಲ್ಲೇ ನಿಲ್ಲುವುದು ಇದರಿಂದ. ಇಂಥ ಎಳೆಗಳು ಇರಬೇಕು ಅಂತ ರಷ್ಯಾದ ಭೌತವಿಜ್ಞಾನಿ ಅಬ್ರಿಕೊಸೊವ್ 1957ರಲ್ಲೇ ಬರೆದಿದ್ದರು, ಅದಕ್ಕೆ 2003ರಲ್ಲಿ ನೊಬೆಲ್ ಬಂತು.

ಪ್ರತಿ ಎಳೆಯೂ ಹೊರುವ ಕಾಂತಪ್ರವಾಹದ ಪ್ರಮಾಣ ಒಂದೇ: 2.07×10⁻¹⁵ ವೆಬರ್. ಪ್ಲ್ಯಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನ್ ಚಾರ್ಜಿನ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 1961ರಲ್ಲಿ ಅಮೆರಿಕದಲ್ಲಿ ಡೀವರ್ ಮತ್ತು ಫೇರ್‌ಬ್ಯಾಂಕ್, ಜರ್ಮನಿಯಲ್ಲಿ ಡಾಲ್ ಮತ್ತು ನೇಬವರ್ ಬೇರೆ ಬೇರೆಯಾಗಿ ಅಳೆದು ತೋರಿಸಿದರು. ಭಾಗಿಸುವ ಕಡೆ ಒಂದು ಎಲೆಕ್ಟ್ರಾನ್ ಚಾರ್ಜಿನ ಬದಲು ಎರಡರ ಚಾರ್ಜ್ ಇರುವುದೇ ಎಲೆಕ್ಟ್ರಾನ್‌ಗಳು ಜೋಡಿಯಾಗಿವೆ ಅನ್ನುವುದಕ್ಕೆ ಸಾಕ್ಷಿ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲೇ. ಇಷ್ಟು ಒಳ್ಳೆ ಸಾಮಾನು ಕೊಟ್ಟು ಕೊನೆಗೆ ಒಂದು ಮ್ಯಾಜಿಕ್ ಶೋ ಥರ ಮಾರುತ್ತಾರೆ.

ನಮ್ಮ ಎರಡನೇ ವರ್ಷದ ಹುಡುಗಿಯೊಬ್ಬಳು ತೇಲುವ ಮ್ಯಾಗ್ನೆಟ್ ನೋಡುತ್ತಾ ಕೇಳಿದಳು, "ಮೇಡಂ, ಒಂದು ಎಲೆಕ್ಟ್ರಾನ್ ಅಥವಾ ಒಂದೇ ಜೋಡಿ ಇದ್ದಿದ್ರೆ ಇದು ಆಗ್ತಿತ್ತಾ?" ಇಡೀ ವಿಷಯ ಇರುವುದೇ ಆ ಪ್ರಶ್ನೆಯಲ್ಲಿ. ಆಗುತ್ತಿರಲಿಲ್ಲ. ಒಂದು ಎಲೆಕ್ಟ್ರಾನಿಗೆ ಸೂಪರ್‌ಕಂಡಕ್ಟಿವಿಟಿ ಅನ್ನುವುದೇ ಇಲ್ಲ.

ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳ ಸಂಖ್ಯೆ ಸುಮಾರು 8.5×10²². ಅವು ಪರಮಾಣುಗಳ ನಡುಕಕ್ಕೆ, ಕಲ್ಮಶಕ್ಕೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತವೆ, ಅದೇ ರೆಸಿಸ್ಟೆನ್ಸ್. ಬಾರ್ಡೀನ್, ಕೂಪರ್, ಶ್ರೀಫರ್ 1957ರಲ್ಲಿ ಕೊಟ್ಟ ಸಿದ್ಧಾಂತವನ್ನು ನಮ್ಮ ಪಠ್ಯಪುಸ್ತಕಗಳು "ಎರಡು ಎಲೆಕ್ಟ್ರಾನ್ ಜೋಡಿಯಾಗುತ್ತವೆ, ಆಮೇಲೆ ಅಡ್ಡಿಯಿಲ್ಲದೆ ಹರಿಯುತ್ತವೆ" ಅಂತ ಮುಗಿಸಿಬಿಡುತ್ತವೆ. ಆಗ ಮಕ್ಕಳ ತಲೆಯಲ್ಲಿ ಕೂರುವ ಚಿತ್ರ, ಕೈಕೈ ಹಿಡಿದು ಹೋಗುವ ಎರಡು ಗೋಲಿಗಳದ್ದು. ಅದು ತಪ್ಪು ಚಿತ್ರ. ಅಲ್ಯೂಮಿನಿಯಂನಲ್ಲಿ ಒಂದು ಜೋಡಿ ಹರಡಿಕೊಳ್ಳುವ ದೂರ ಒಂದು ಮೈಕ್ರಾನಿಗೂ ಜಾಸ್ತಿ. ಅಷ್ಟೇ ಜಾಗದೊಳಗೆ ಲಕ್ಷಗಟ್ಟಲೆ ಬೇರೆ ಜೋಡಿಗಳೂ ಒಂದರ ಮೇಲೊಂದು ಹಾಸಿಕೊಂಡಿರುತ್ತವೆ. ಇದು ಇವರ ಜೋಡಿ, ಅದು ಅವರ ಜೋಡಿ ಅಂತ ಬಿಡಿಸಿ ತೋರಿಸೋಕೇ ಆಗುವುದಿಲ್ಲ. ಎಲ್ಲಾ ಸೇರಿ ಒಂದೇ ಸ್ಥಿತಿಯಲ್ಲಿ ಇರುತ್ತವೆ. ತರಗತಿಯಲ್ಲಿ ನಾನು ತೇರಿನ ಉದಾಹರಣೆ ಕೊಡುತ್ತೇನೆ: ಹಗ್ಗಕ್ಕೆ ಸಾವಿರ ಕೈ ಬಿದ್ದಿರುವಾಗ ನಡುವೆ ಒಬ್ಬ ಎಡವಿದರೆ ತೇರು ನಿಲ್ಲುವುದಿಲ್ಲ, ಅವನನ್ನೂ ಹಗ್ಗವೇ ಎಳೆದುಕೊಂಡು ಹೋಗುತ್ತದೆ. ಕರೆಂಟ್ ನಿಲ್ಲಬೇಕಾದರೆ ಒಂದು ಎಲೆಕ್ಟ್ರಾನ್ ಡಿಕ್ಕಿ ಹೊಡೆದರೆ ಸಾಲದು, ಇಡೀ ಗುಂಪಿನ ಸ್ಥಿತಿಯೇ ಬದಲಾಗಬೇಕು. ಫೈಲ್ ಮತ್ತು ಮಿಲ್ಸ್ 1963ರಲ್ಲಿ ಸೂಪರ್‌ಕಂಡಕ್ಟರ್ ಸುರುಳಿಯೊಂದರಲ್ಲಿ ಹರಿಯುವ ಕರೆಂಟ್ ಅಳೆದು, ಅದು ಕ್ಷೀಣಿಸೋಕೆ 1 ಲಕ್ಷ ವರ್ಷಕ್ಕಿಂತ ಜಾಸ್ತಿ ಬೇಕು ಅಂತ ಲೆಕ್ಕ ಹಾಕಿದರು. ಆಸ್ಪತ್ರೆಯ ಎಂಆರ್‌ಐ ಯಂತ್ರದ ಒಳಗೆ ಹೀಗೆ ಹರಿಯುತ್ತಿರುವುದೂ ಇಂಥದೇ ಕರೆಂಟ್, ನಿಯೋಬಿಯಂ-ಟೈಟಾನಿಯಂ ತಂತಿಯಲ್ಲಿ.

ಅಮೆರಿಕದ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1972ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವಾದಿಸಿದ್ದು ಇದನ್ನೇ. ಕಣಗಳ ಸಂಖ್ಯೆ ಹೆಚ್ಚಾದಾಗ ಹೊಸ ಗುಣಗಳು ಹುಟ್ಟುತ್ತವೆ, ಒಂದು ಕಣದ ನಿಯಮ ಗೊತ್ತಿದ್ದ ಮಾತ್ರಕ್ಕೆ ಅವು ತಾವಾಗಿ ಹೊರಗೆ ಬರುವುದಿಲ್ಲ. ಅವುಗಳನ್ನು ಹುಡುಕೋದು ಮೂಲಕಣ ಹುಡುಕೋದಕ್ಕಿಂತ ಕಡಿಮೆ ಕೆಲಸ ಅಲ್ಲ. ನಮ್ಮ ಮಕ್ಕಳಿಗೆ ಫಿಸಿಕ್ಸ್ ಅಂದರೆ ಕಪ್ಪು ರಂಧ್ರ, ದೇವಕಣ. ಕೈಯಲ್ಲಿ ಹಿಡಿದ ಸೆರಾಮಿಕ್ ಬಿಲ್ಲೆಯೊಳಗೂ ಅಷ್ಟೇ ಆಳದ ಪ್ರಶ್ನೆ ಇದೆ ಅಂತ ತೋರಿಸೋಕೆ ಈ ಕಿಟ್‌ಗಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಆದರೆ ತೇಲುವುದನ್ನು ಮಾತ್ರ ನೋಡಿದರೆ ಇದು ಮನಸ್ಸಿಗೆ ಇಳಿಯುವುದಿಲ್ಲ, ಮೋಸ ಹೋಗುವ ಸಾಧ್ಯತೆಯೂ ಇದೆ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಸುದ್ದಿ ಬಂದದ್ದು ನೆನಪಿದೆಯಲ್ವಾ? ರೂಮಿನ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಅಂದರು, ಮ್ಯಾಗ್ನೆಟ್ ಮೇಲೆ ಅರ್ಧ ಎದ್ದು ನಿಂತ ಚೂರಿನ ವಿಡಿಯೋ ಫೋನಿಂದ ಫೋನಿಗೆ ಹಾರಿತು. ಕೆಲವೇ ವಾರಗಳಲ್ಲಿ ಬೇರೆ ಬೇರೆ ಲ್ಯಾಬುಗಳು ಪರೀಕ್ಷೆ ಮಾಡಿದವು. ರೆಸಿಸ್ಟೆನ್ಸ್ ತಟ್ಟನೆ ಇಳಿದಂತೆ ಕಂಡದ್ದು ಅದರಲ್ಲಿ ಸೇರಿಕೊಂಡಿದ್ದ ಕಾಪರ್ ಸಲ್ಫೈಡ್‌ನಿಂದ. ಎದ್ದು ನಿಂತದ್ದು ಮಾಮೂಲಿ ಕಾಂತಗುಣದಿಂದ. ಶುದ್ಧವಾಗಿ ಬೆಳೆಸಿದ ಹರಳು ಕರೆಂಟನ್ನೇ ಸರಿಯಾಗಿ ಹಾಯಿಸದ ಇನ್ಸುಲೇಟರ್ ಅಂತ ಗೊತ್ತಾಯಿತು. ತೇಲಿದ್ದೆಲ್ಲ ಸೂಪರ್‌ಕಂಡಕ್ಟರ್ ಅಲ್ಲ ಅನ್ನುವುದು ವಿದ್ಯಾರ್ಥಿಗೆ ತಾನೇ ಅಳೆದಾಗ ಅರ್ಥವಾಗುತ್ತದೆ.

ಹಾಗಾಗಿ ನಾಲ್ಕು ತಂತಿ. ಹೊರಗಿನ ಎರಡು ತಂತಿಯಲ್ಲಿ ಕರೆಂಟ್ ಕಳಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತೀರಿ. ಎರಡೇ ತಂತಿಯಲ್ಲಿ ಅಳೆದರೆ ತಂತಿಯದ್ದು, ಬೆಸುಗೆಯದ್ದು ರೆಸಿಸ್ಟೆನ್ಸ್ ಎಲ್ಲ ಸೇರಿಕೊಂಡು ಸೊನ್ನೆ ಕಾಣುವುದೇ ಇಲ್ಲ. ನಾವು ಅರ್ಧ ಆಂಪಿಯರ್ ಕೊಟ್ಟಿದ್ದೆವು, ಸಿಗುವ ವೋಲ್ಟೇಜ್ ಒಂದೆರಡು ಮಿಲಿವೋಲ್ಟ್ ಅಷ್ಟೇ, ಹಾಗಾಗಿ 200 ಮಿಲಿವೋಲ್ಟ್ ರೇಂಜ್ ಇರುವ ಒಳ್ಳೆ ಮೀಟರ್ ಬೇಕು. ಒಂದು ಸಲಹೆ: ತಣ್ಣಗಾಗುವಾಗ ಅಳೆಯಬೇಡಿ, ತುಂಬಾ ಬೇಗ ಮುಗಿದುಹೋಗುತ್ತದೆ. ಥರ್ಮೋಕೋಲ್ ಲೋಟದಲ್ಲಿ ಬಿಲ್ಲೆಯನ್ನು ಒಣ ಮರಳಲ್ಲಿ ಹೂತು, ನೈಟ್ರೋಜನ್ ಹೊಯ್ದು, ಅದು ಆರಿ ನಿಧಾನಕ್ಕೆ ಬಿಸಿಯಾಗುವಾಗ ರೀಡಿಂಗ್ ತಗೊಳ್ಳಿ.

ಒಬ್ಬ ಥರ್ಮೋಕಪಲ್ ಓದುತ್ತಾನೆ, ಇನ್ನೊಬ್ಬಳು ವೋಲ್ಟೇಜ್ ಓದುತ್ತಾಳೆ, ಮೂರನೆಯವರು ಬರೆದುಕೊಳ್ಳುತ್ತಾರೆ. ಮೊದಲು ಬರೀ ಸೊನ್ನೆ. ಮತ್ತೆ ಸೊನ್ನೆ. ಉಷ್ಣತೆ ಏರುತ್ತಿದೆ, ಇಲ್ಲಿ ಸೊನ್ನೆಯೇ. "ಮೇಡಂ, ಮೀಟರ್ ಹೋಗಿದೆ ಅನ್ಸುತ್ತೆ" ಅಂತ ಒಬ್ಬ ಪ್ರೋಬ್ ಅಲ್ಲಾಡಿಸೋಕೆ ಹೋದ, ಬೇಡ ಕಣಪ್ಪಾ, ಇರು ಅಂದೆ. 90 ಕೆಲ್ವಿನ್ ಹತ್ತಿರ 0.1 ಮಿಲಿವೋಲ್ಟ್ ಬಂತು, ಬರೆದುಕೊಳ್ಳುವಷ್ಟರಲ್ಲಿ 0.3, ಆಮೇಲೆ ಅವಳು ಸಂಖ್ಯೆ ಹೇಳುವುದಕ್ಕೂ ಅದು ಮುಂದೆ ಹೋಗುವುದಕ್ಕೂ ತಾಳೆಯಾಗಲಿಲ್ಲ. ಕೆಲವೇ ಡಿಗ್ರಿಯೊಳಗೆ ಎಲ್ಲಾ ಮುಗಿಯಿತು. 1911ರಲ್ಲಿ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ತಂಡ ಪಾದರಸದಲ್ಲಿ 4.2 ಕೆಲ್ವಿನ್ ಹತ್ತಿರ ಕಂಡದ್ದೂ ಇಂಥ ನೆಗೆತವನ್ನೇ. ಅವರಿಗೆ ಅದಕ್ಕೆ ಹೀಲಿಯಂ ದ್ರವ ಬೇಕಾಗಿತ್ತು, ನಮಗೆ ಹಸುವಿನ ಡಾಕ್ಟರ ಕ್ಯಾನಿನಲ್ಲಿರುವ ದ್ರವವೇ ಸಾಕಾಯಿತು. ಅದು ಸಾಧ್ಯವಾದದ್ದು 1986ರಲ್ಲಿ ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ತಾಮ್ರದ ಆಕ್ಸೈಡ್‌ಗಳ ಬಾಗಿಲು ತೆಗೆದದ್ದರಿಂದ, ಮರುವರ್ಷವೇ ಅಮೆರಿಕದಲ್ಲಿ ಚೂ, ವೂ ಮತ್ತವರ ತಂಡಗಳು ಇಟ್ರಿಯಂ ಹಾಕಿ 93 ಕೆಲ್ವಿನ್ ಮುಟ್ಟಿದ್ದರಿಂದ. ಇದರಲ್ಲಿ ನಮ್ಮವರ ಕೆಲಸವೂ ಇದೆ. ಅದೇ 1987ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ, ಆ ಮಿಶ್ರಣದಲ್ಲಿ ಸೂಪರ್‌ಕಂಡಕ್ಟರ್ ಆಗುವ ಭಾಗ ಯಾವುದು ಅಂತ ಗುರುತಿಸಿ ನೇಚರ್‌ನಲ್ಲಿ ಪ್ರಕಟಿಸಿತು. ಚೆನ್ನೈನ ಜಿ. ಭಾಸ್ಕರನ್ ಆಂಡರ್ಸನ್ ಜೊತೆ ಸೇರಿ ಇದರ ಸಿದ್ಧಾಂತದ ಮೇಲೆ ಕೆಲಸ ಮಾಡಿದರು. ಇದನ್ನು ಮಕ್ಕಳಿಗೆ ಹೇಳಿ, ಹೇಳಲೇಬೇಕು.

ನನಗೆ ಆ ನೆಗೆತಕ್ಕಿಂತಲೂ ಇಷ್ಟವಾಗಿದ್ದು ಗ್ರಾಫಿನ ಮುಂದಿನ ಭಾಗ. 100 ಕೆಲ್ವಿನ್‌ನಿಂದ ರೂಮಿನ ಉಷ್ಣತೆವರೆಗೆ ರೆಸಿಸ್ಟೆನ್ಸ್ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಎಲ್ಲರೂ ಇದನ್ನು ಬೋರ್ ಭಾಗ ಅಂತ ಬಿಟ್ಟುಬಿಡುತ್ತಾರೆ, ಕೈಪಿಡಿಯೂ ಅಷ್ಟೇ. ತಾಮ್ರದ ತಂತಿಯಲ್ಲೂ ರೂಮಿನ ಉಷ್ಣತೆಯ ಆಸುಪಾಸಿನಲ್ಲಿ ನೇರ ಗೆರೆ ಬರುತ್ತದೆ, ಅದು ಪರಮಾಣುಗಳ ನಡುಕದಿಂದ. ಆದರೆ ಇನ್ನೂ ತಣ್ಣಗೆ ಮಾಡಿದರೆ ತಾಮ್ರದ ಗೆರೆ ಬಾಗುತ್ತದೆ. ಈ ತಾಮ್ರದ ಆಕ್ಸೈಡ್ ಕುಟುಂಬದಲ್ಲಿ ಬಿಸ್ಮತ್ ಇರುವ ಒಂದು ವಸ್ತುವಿನ ಗೆರೆ ಸುಮಾರು 10 ಕೆಲ್ವಿನ್‌ನಿಂದ 700 ಕೆಲ್ವಿನ್‌ವರೆಗೆ ನೇರವಾಗಿಯೇ ಇದೆ. ಲೋಹದಲ್ಲಿ ಒಂದೊಂದು ಎಲೆಕ್ಟ್ರಾನೂ ತನ್ನ ಪಾಡಿಗೆ ಓಡಾಡುತ್ತದೆ, ಆಗಾಗ ಡಿಕ್ಕಿ ಹೊಡೆಯುತ್ತದೆ ಅನ್ನುವ ಲೆಕ್ಕದಿಂದ ಈ ಗೆರೆಯನ್ನು ವಿವರಿಸೋಕೆ ಆಗುತ್ತಿಲ್ಲ. ಸಂಶೋಧಕರು ಇದನ್ನು "ವಿಚಿತ್ರ ಲೋಹ" ಅಂತಲೇ ಕರೆಯುತ್ತಾರೆ, ಎಲ್ಲರೂ ಒಪ್ಪಿದ ವಿವರಣೆ ಇವತ್ತಿಗೂ ಇಲ್ಲ. ಅಂದರೆ ಬಿಎಸ್‌ಸಿ ಮಕ್ಕಳು ರೆಕಾರ್ಡ್ ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಎಳೆದ ಗೆರೆಯಲ್ಲೇ ಬಿಡಿಸದ ಒಂದು ದೊಡ್ಡ ಸಮಸ್ಯೆ ಕೂತಿದೆ. ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ.

ಇನ್ನೊಂದು ವಿಷಯ, ಇದೇ ಬಿಲ್ಲೆಯಿಂದ ಆಮ್ಲಜನಕ ಸ್ವಲ್ಪ ಕಡಿಮೆ ಮಾಡಿದರೆ, ಏಳು ಪರಮಾಣು ಇರುವ ಕಡೆ ಆರಕ್ಕೆ ಇಳಿಸಿದರೆ, ಅದು ಸೂಪರ್‌ಕಂಡಕ್ಟರ್ ಹೋಗಲಿ ಲೋಹವೂ ಆಗಿ ಉಳಿಯುವುದಿಲ್ಲ. ಇನ್ಸುಲೇಟರ್ ಆಗಿಬಿಡುತ್ತದೆ. ಎಲೆಕ್ಟ್ರಾನ್‌ಗಳು ಇವೆ, ಹೋಗೋಕೆ ಜಾಗವೂ ಇದೆ, ಆದರೆ ಒಂದನ್ನೊಂದು ಎಷ್ಟು ದೂಡುತ್ತವೆ ಅಂದರೆ ಯಾವುದೂ ಅಲ್ಲಾಡುವುದಿಲ್ಲ. ಪಕ್ಕಪಕ್ಕದವುಗಳ ಸ್ಪಿನ್, ಅಂದರೆ ಎಲೆಕ್ಟ್ರಾನನ್ನು ಪುಟ್ಟ ಮ್ಯಾಗ್ನೆಟ್ ಥರ ಮಾಡುವ ಗುಣ, ಒಂದು ಮೇಲೆ ಒಂದು ಕೆಳಗೆ ಅಂತ ಸಾಲಾಗಿ ನಿಂತುಬಿಡುತ್ತವೆ. ಇದನ್ನು ಕಿಟ್‌ನಲ್ಲಿ ಮಾಡಿ ನೋಡೋಕೆ ಆಗುವುದಿಲ್ಲ, ಬೋರ್ಡ್ ಮೇಲೆ ಹೇಳಬಹುದು.

ತೊಂದರೆಗಳನ್ನೂ ಹೇಳಬೇಕು. ನಮಗೆ ಬಂದ ಕಿಟ್‌ನಲ್ಲಿ ಒಂದು ವೋಲ್ಟೇಜ್ ತಂತಿ ಬೆಸುಗೆಯಲ್ಲೇ ಬಿಟ್ಟುಕೊಂಡಿತು. ತಂತಿ ಕೂದಲಷ್ಟು ಸಣ್ಣ, ತಣ್ಣಗಾಗಿ ಬಿಸಿಯಾಗಿ ಎಳೆತಕ್ಕೆ ಸಿಕ್ಕುತ್ತದೆ. ಬದಲಿ ಕಳಿಸಿದರು, ಆದರೆ ಸೆಮಿಸ್ಟರ್ ಮುಗಿಯೋಕೆ ಬಂದಿತ್ತು. ತಂತಿಗಳನ್ನು ಒಂದು ಸಣ್ಣ ಮರದ ಪಟ್ಟಿಗೆ ಟೇಪ್ ಹಾಕಿ ಅಂಟಿಸಿಕೊಂಡರೆ ಎಳೆತ ಬೀಳುವುದಿಲ್ಲ. ಕೈಪಿಡಿಯ ಬಗ್ಗೆ ಆಗಲೇ ಹೇಳಿದೆ, ಅದನ್ನು ಬದಿಗಿಟ್ಟು ನೀವೇ ಎರಡು ಪುಟ ಕನ್ನಡದಲ್ಲಿ ಬರೆದು ಕೊಟ್ಟರೆ ಮಕ್ಕಳಿಗೆ ಜಾಸ್ತಿ ಉಪಯೋಗ. ಕರೆಂಟನ್ನು ತಯಾರಕರು ಹೇಳಿದ ಮಿತಿಗಿಂತ ಏರಿಸಬೇಡಿ, ಸಂಪರ್ಕದ ಜಾಗ ಬಿಸಿಯಾಗಿ ರೀಡಿಂಗ್ ಹಾಳಾಗುತ್ತದೆ.

ದೊಡ್ಡ ಶತ್ರು ನೀರು. ಬಿಲ್ಲೆಯನ್ನು ನೈಟ್ರೋಜನ್‌ನಿಂದ ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕೂರುತ್ತದೆ, ಕರಗಿ ಒಳಗೆ ಇಳಿದರೆ ವೈಬಿಸಿಒ ನಿಧಾನಕ್ಕೆ ಕೊಳೆಯುತ್ತದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿ ಇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಪ್ರಯೋಗ ಇಟ್ಟುಕೊಳ್ಳದಿದ್ದರೆ ಒಳ್ಳೆಯದು, ಡಿಸೆಂಬರ್‌ನಿಂದ ಮಾರ್ಚ್ ಸರಿಯಾದ ಕಾಲ. ಬಿಲ್ಲೆಯನ್ನು ಬರಿಗೈಲಿ ಮುಟ್ಟಬೇಡಿ, ಪುಡಿ ಉದುರಿಸಬೇಡಿ, ಅದರಲ್ಲಿ ಬೇರಿಯಂ ಇದೆ.

ಆರ್ಡರ್ ಮಾಡುವ ಮೊದಲು ಮಾರುವವರಿಗೆ ಫೋನ್ ಮಾಡಿ ಕೇಳಿ. ತೇಲಿಸುವ ಬಿಲ್ಲೆ ಪುಡಿ ಒತ್ತಿ ಸುಟ್ಟದ್ದೋ, ಕರಗಿಸಿ ಒಂದೇ ಹರಳಿನಂತೆ ಬೆಳೆಸಿದ್ದೋ? ಮೊದಲನೆಯದರಲ್ಲಿ ಮ್ಯಾಗ್ನೆಟ್ ಕೆಲವು ಮಿಲಿಮೀಟರ್ ಮೇಲೆ ತೇಲುತ್ತದೆ ಅಷ್ಟೇ. ಎರಡನೆಯದರಲ್ಲಿ ಹಿಡಿತ ಜೋರು, ಬಿಲ್ಲೆಯನ್ನು ತಲೆಕೆಳಗು ಹಿಡಿದರೂ ಮ್ಯಾಗ್ನೆಟ್ ಕೆಳಗೆ ತೂಗುತ್ತಾ ನಿಲ್ಲುತ್ತದೆ, ಬೆಲೆಯೂ ಹಾಗೇ. ಥರ್ಮೋಕಪಲ್ ಯಾವ ಬಗೆಯದು, ಅದರ ಮಿಲಿವೋಲ್ಟ್ ಪಟ್ಟಿ 77 ಕೆಲ್ವಿನ್‌ವರೆಗೂ ಕೊಡುತ್ತಾರಾ, ತಂತಿ ಬಿಟ್ಟುಕೊಂಡರೆ ಎಷ್ಟು ದಿನದಲ್ಲಿ ಬದಲಿ ಬರುತ್ತದೆ, ಇದನ್ನೂ ಕೇಳಿ. ದುಡ್ಡು ಕಡಿಮೆ ಇದ್ದರೆ ತೇಲಿಸುವ ಬಿಲ್ಲೆ ಅಗ್ಗದ್ದೇ ಇರಲಿ, ನಾಲ್ಕು ತಂತಿಯದ್ದರಲ್ಲಿ ಉಳಿಸಬೇಡಿ. ಅಕ್ಕಪಕ್ಕದ ಎರಡು ಮೂರು ಕಾಲೇಜು ಸೇರಿ ಒಂದು ತರಿಸಿದರೂ ಸಾಕು, ಒಂದೇ ದಿನ ನೈಟ್ರೋಜನ್ ತರಿಸಿಕೊಂಡರೆ ಅದರ ಖರ್ಚೂ ಹಂಚಿಹೋಗುತ್ತದೆ.